ಕೀಮೋ ನಂತರದ ಮಬ್ಬಿಗೆ ಸೂಜಿ ಮದ್ದಾದೀತೆ?

ಕೀಮೋ ಹಚ್ಚಿಸಿಕೊಂಡವರಿಗೆ ಕೂದಲು ಉದುರುತ್ತದೆ, ವಾಂತಿಯಾಗುತ್ತದೆ, ಬಾಯಿ ಹುಣ್ಣಾಗುತ್ತದೆ ಎಂಬುದು ಇವತ್ತು ರಾಯಚೂರಿನ ಯಾವ ಓಣಿಯಲ್ಲಿ ಕೇಳಿದರೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದು ಇನ್ನೊಂದಿದೆ. ಕೂದಲು ಮತ್ತೆ ಬಂದು, ಊಟ ಸೇರತೊಡಗಿ, ಮನೆಯವರೆಲ್ಲ ಗಂಡಾಂತರ ದಾಟಿತು ಅಂದುಕೊಂಡ ಮೇಲೆ ಅದು ಕಾಣಿಸಿಕೊಳ್ಳುತ್ತದೆ. ದೇವದುರ್ಗದ ಕಡೆ ಮೆಣಸಿನಕಾಯಿ ಬಿಡಿಸಲು ಆಳು ಕಟ್ಟಿಕೊಂಡು ಹೋಗುವ ಹೆಣ್ಣುಮಗಳಿಗೆ ಯಾರು ಎಷ್ಟು ದಿನ ಬಂದರು, ಯಾರು ಮಧ್ಯಾಹ್ನವೇ ಎದ್ದು ಹೋದರು, ಯಾರಿಗೆ ಮುಂಗಡ ಎಷ್ಟು ಹೋಗಿದೆ, ಸಂಘದ ಕಂತು ಯಾವ ವಾರದ್ದು ಬಾಕಿ ಎಂಬುದೆಲ್ಲ ಬಾಯಿಲೆಕ್ಕ. ಯಾವ ವಹಿಯಲ್ಲೂ ಬರೆದಿಟ್ಟದ್ದಲ್ಲ. ಕೀಮೋ ಮುಗಿದ ಮೇಲೆ ಆ ಲೆಕ್ಕ ಕೈಕೊಡುತ್ತದೆ. ಒಲೆಯ ಮೇಲೆ ಹಾಲಿಟ್ಟದ್ದು ಮರೆತುಹೋಗುತ್ತದೆ, ದಿನಾ ಮಾತಾಡುವ ನೆರೆಮನೆಯಾಕೆಯ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುತ್ತದೆ, ಇಬ್ಬರು ಒಮ್ಮೆಲೇ ಮಾತಾಡಿದರೆ ಯಾರದೂ ತಲೆಗೆ ಹೋಗುವುದಿಲ್ಲ. ‘ಯಾಕೋ ಏನೂ ನೆಪ್ಪಾಗವಲ್ದು’ ಎಂದರೆ ಒಬ್ಬರು ವಯಸ್ಸಿನ ಮೇಲೆ ಹಾಕುತ್ತಾರೆ, ಇನ್ನೊಬ್ಬರು ಚಿಂತೆಯ ಮೇಲೆ. ವೈದ್ಯರ ವಲಯದಲ್ಲಿ ಇದಕ್ಕೆ ಕೀಮೋ ಬ್ರೇನ್ ಎಂಬ ಹೆಸರಿದೆ. ಅಕ್ಯುಪಂಕ್ಚರ್ ಮಾಡಿಸಿದರೆ ಇದು ಹೋಗುತ್ತದೆ ಎನ್ನುವವರೂ ಇದ್ದಾರೆ. ಸೂಜಿ ಚಿಕಿತ್ಸೆಯನ್ನು ಬೂಟಾಟಿಕೆ ಎಂದು ತಳ್ಳಿಹಾಕಲು ನಾನು ತಯಾರಿಲ್ಲ. ಆದರೆ ಮರೆವಿಗೆ ಅದು ಮದ್ದು ಎಂದು ಹೇಳುವಷ್ಟು ಪುರಾವೆ ಇನ್ನೂ ಕೂಡಿಬಂದಿಲ್ಲ. ರಾಯಚೂರು ಜಿಲ್ಲೆಯ ರೋಗಿಗೆ ಸೂಜಿಗಿಂತ ಮೊದಲು ಸಿಗಬೇಕಾದ, ಅದಕ್ಕಿಂತ ಅಗ್ಗದ ಕೆಲವು ಉಪಚಾರಗಳು ಸಿಗದೇ ಉಳಿದಿವೆ ಎಂಬುದೇ ನನ್ನ ವಾದ.

ಮೊದಲು, ಈ ಮಬ್ಬು ನಿಜವೋ ಮನಸ್ಸಿನ ಭ್ರಮೆಯೋ ಎಂಬ ಪ್ರಶ್ನೆ. ಅಮೆರಿಕದಲ್ಲಿ ಸ್ತನ ಕ್ಯಾನ್ಸರಿನ 581 ಮಹಿಳೆಯರನ್ನು, ಅವರ ಜೊತೆಗೆ ಕ್ಯಾನ್ಸರ್ ಇಲ್ಲದ 364 ಮಹಿಳೆಯರನ್ನು ಕೀಮೋಗೆ ಮುಂಚಿನಿಂದ ಹಿಂಬಾಲಿಸಿದ ಒಂದು ದೊಡ್ಡ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಕೀಮೋ ಮುಗಿಯುವ ಹೊತ್ತಿಗೆ ನೆನಪು ಮತ್ತು ಗಮನ ಗಣನೀಯವಾಗಿ ಕುಂದಿದೆ ಎಂದವರು ರೋಗಿಗಳಲ್ಲಿ ನೂರಕ್ಕೆ 45, ಉಳಿದವರಲ್ಲಿ ನೂರಕ್ಕೆ 10. ಆರು ತಿಂಗಳ ನಂತರವೂ ರೋಗಿಗಳಲ್ಲಿ ನೂರಕ್ಕೆ 36ಕ್ಕೂ ಹೆಚ್ಚು ಮಂದಿ ಹಾಗೆಯೇ ಇದ್ದರು. ಇದಕ್ಕಿಂತ ಹತ್ತು ವರ್ಷ ಹಿಂದೆ, 2007ರಲ್ಲಿ, ಅರವತ್ತು ವರ್ಷದ ಅವಳಿ ಸಹೋದರಿಯರ ಬಗ್ಗೆ ಒಂದು ವರದಿ ಬಂದಿತ್ತು. ಒಂದೇ ಅಂಡದಿಂದ ಹುಟ್ಟಿದವರು, ಒಬ್ಬಾಕೆಗೆ ಕೀಮೋ ಆಗಿತ್ತು, ಇನ್ನೊಬ್ಬಾಕೆಗೆ ರೋಗವೇ ಇರಲಿಲ್ಲ. ಪರೀಕ್ಷೆಯಲ್ಲಿ ಇಬ್ಬರ ಅಂಕವೂ ಹೆಚ್ಚುಕಡಿಮೆ ಒಂದೇ. ಆದರೆ ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಅದೇ ಬಗೆಯ ನೆನಪಿನ ಕೆಲಸ ಕೊಟ್ಟಾಗ ಕೀಮೋ ಆದಾಕೆಯ ಮೆದುಳಿನಲ್ಲಿ ಹೆಚ್ಚು ಭಾಗ ದುಡಿಯುತ್ತಿತ್ತು. ಬಿಳಿ ದ್ರವ್ಯದಲ್ಲಿ ಕಲೆಗಳೂ ಹೆಚ್ಚಿದ್ದವು. ನನ್ನ ಮಟ್ಟಿಗೆ ಈ ಒಂದು ಜೋಡಿ ಕಲಿಸುವಷ್ಟನ್ನು ನೂರು ಅಂಕಪಟ್ಟಿಗಳು ಕಲಿಸುವುದಿಲ್ಲ. ಮೊದಲಿನಂತೆಯೇ ಕೆಲಸ ಮಾಡುತ್ತಿದ್ದಾಳೆ ಎಂದು ನೋಡುವವರಿಗೆ ಅನಿಸುತ್ತದೆ, ಆಕೆಗೆ ಮಾತ್ರ ಅದೇ ಕೆಲಸಕ್ಕೆ ಎರಡರಷ್ಟು ತ್ರಾಸು. ‘ಚೆನ್ನಾಗೇ ಇದ್ದೀಯಲ್ಲ’ ಎಂಬ ಮಾತು ರೋಗಿಗೆ ಯಾಕೆ ಅಷ್ಟು ಚುಚ್ಚುತ್ತದೆ ಎಂಬುದಕ್ಕೆ ಇಲ್ಲಿ ಉತ್ತರವಿದೆ.

ಕಾರಣ ಒಂದೇ ಅಲ್ಲ. ಔಷಧಿಗಳಿಂದ ದೇಹದಲ್ಲಿ ಏಳುವ ಉರಿಯೂತದ ರಾಸಾಯನಿಕಗಳು ಮೆದುಳನ್ನು ಮುಟ್ಟುತ್ತವೆ, ಹೊಸ ನೆನಪು ಕೂಡಿಡುವ ಭಾಗದಲ್ಲಿ ಜೀವಕೋಶ ಹುಟ್ಟುವ ಕ್ರಿಯೆ ಕುಗ್ಗುತ್ತದೆ, ಹಾರ್ಮೋನು ಏರುಪೇರಾಗಿ ಮುಟ್ಟು ಬೇಗ ನಿಲ್ಲುತ್ತದೆ, ರಕ್ತ ಕಡಿಮೆಯಾಗುತ್ತದೆ, ನಿದ್ದೆ ಕೆಡುತ್ತದೆ. ಕೀಮೋ ಶುರುವಾಗುವ ಮೊದಲೇ ಮಬ್ಬು ಕಾಣಿಸಿಕೊಂಡ ರೋಗಿಗಳೂ ಇದ್ದಾರೆ, ಆದ್ದರಿಂದ ಪೂರ್ತಿ ದೋಷವನ್ನು ಸಲೈನಿನ ಬಾಟಲಿಯ ಮೇಲೆ ಹೊರಿಸುವುದೂ ಸರಿಯಲ್ಲ. ಹೀಗೆ ಹಲವು ಎಳೆಗಳು ಸೇರಿ ಆದ ಗಂಟನ್ನು ಒಂದೇ ಉಪಾಯ ಬಿಚ್ಚುತ್ತದೆ ಎಂದು ಯಾರೇ ಹೇಳಿದರೂ, ಆ ಉಪಾಯ ಸೂಜಿಯಾಗಲಿ ಗುಳಿಗೆಯಾಗಲಿ, ಕೇಳುವವರು ಒಂದು ಹೆಜ್ಜೆ ಹಿಂದೆ ನಿಲ್ಲಬೇಕು.

‘ಪ್ರಾಣ ಉಳಿಯಿತಲ್ಲ, ಮರೆವಿನದೇನು ದೊಡ್ಡ ಮಾತು’ ಎನ್ನುವವರು ನಮ್ಮಲ್ಲಿ ಬಹಳ. ಬೆಂಗಳೂರಿನ ಕಿದ್ವಾಯಿಗೆ ನಾನೂರು ಕಿಲೋಮೀಟರು, ಇಲ್ಲವೇ ಕಲಬುರಗಿಯ ಕಿದ್ವಾಯಿ ಕೇಂದ್ರಕ್ಕೆ, ಇಲ್ಲವೇ ಹೈದರಾಬಾದಿಗೆ ಅಲೆದು ಬಂದ ಕುಟುಂಬಕ್ಕೆ ಹಾಗೆ ಅನ್ನಿಸಿದರೆ ಅದರಲ್ಲಿ ತಪ್ಪು ಹುಡುಕಬಾರದು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಗುಲ್ಬರ್ಗ ವಿಭಾಗದಲ್ಲಿ ಶುರುವಾಗುವ ತನಕ ಬಡವರಿಗೆ ಕ್ಯಾನ್ಸರ್ ಚಿಕಿತ್ಸೆ ಎಂದರೆ ಹೊಲ ಮಾರುವ ಮಾತಾಗಿತ್ತು. ಬದುಕುಳಿಯುವುದೇ ಮೊದಲ ಪ್ರಶ್ನೆಯಾಗಿದ್ದ ಕಾಲ ಅದು. ಆದರೆ ಬದುಕಿ ಉಳಿದವರ ಸಂಖ್ಯೆ ಬೆಳೆದಂತೆ ಬದುಕಿದ ಮೇಲಿನ ಪ್ರಶ್ನೆಯೂ ಬೆಳೆಯುತ್ತದೆ. ಇಲ್ಲಿ ನಮ್ಮ ಜಿಲ್ಲೆಯ ಸ್ಥಿತಿ ಅಮೆರಿಕಕ್ಕಿಂತ ಬೇರೆ. 2011ರ ಜನಗಣತಿಯಂತೆ ರಾಯಚೂರು ಜಿಲ್ಲೆಯ ಮಹಿಳೆಯರಲ್ಲಿ ಅರ್ಧಕ್ಕಿಂತ ಕಡಿಮೆ ಮಂದಿಗೆ ಓದು ಬರಹ ಬರುತ್ತಿತ್ತು. ನೆನಪು ಕೈಕೊಟ್ಟಾಗ ಓದು ಬಲ್ಲವಳಿಗೆ ಚೀಟಿ, ಕ್ಯಾಲೆಂಡರು, ಮೊಬೈಲಿನ ಅಲಾರಂ ಇವೆ. ಅಕ್ಷರ ಬಾರದವಳಿಗೆ ನೆನಪೇ ವಹಿ. ಗಂಜಿನಲ್ಲಿ ಹತ್ತಿ ತೂಕ ಆದಾಗ ಎಷ್ಟು ಚೀಲ, ಅಡತಿಯವರು ಹಮಾಲಿಗೆಂದು ಎಷ್ಟು ಕಡಿದರು ಎಂಬುದು ತಲೆಯಲ್ಲಿ ನಿಲ್ಲದಿದ್ದರೆ ಆ ನಷ್ಟ ರೊಕ್ಕದ ರೂಪದಲ್ಲೇ ಬರುತ್ತದೆ. ಮರೆವು ಚಿಕ್ಕ ಮಾತು ಎನ್ನುವವರು ಈ ಲೆಕ್ಕ ಹಾಕಿಲ್ಲ.

ಮರೆವನ್ನು ಅಳೆಯುವ ವಿಧಾನವೂ ನಮ್ಮವರಿಗೆ ಹೊಂದುವುದಿಲ್ಲ. ಈ ಕ್ಷೇತ್ರದ ಅಂತರರಾಷ್ಟ್ರೀಯ ತಜ್ಞರ ಗುಂಪು 2011ರಲ್ಲಿ ಶಿಫಾರಸು ಮಾಡಿದ ಪರೀಕ್ಷೆಗಳಲ್ಲಿ ಅಂಕಿ ಅಕ್ಷರಗಳನ್ನು ಸರದಿಯಂತೆ ಗೆರೆ ಎಳೆದು ಕೂಡಿಸುವುದು ಒಂದು, ಒಂದು ಅಕ್ಷರದಿಂದ ಶುರುವಾಗುವ ಪದಗಳನ್ನು ಹೇಳುತ್ತ ಹೋಗುವುದು ಇನ್ನೊಂದು. ಶಾಲೆಯ ಮೆಟ್ಟಿಲು ಹತ್ತದವರು ಇಲ್ಲಿ ಸೋಲುವುದು ಕೀಮೋದಿಂದಲ್ಲ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನರ ಮನಶ್ಶಾಸ್ತ್ರ ಪರೀಕ್ಷೆಗಳ ಕಟ್ಟಿನಲ್ಲಿ ಓದು ಬಾರದವರಿಗೆ ಪ್ರತ್ಯೇಕ ಮಾನದಂಡಗಳಿವೆ. ಸಲಕರಣೆ ನಮ್ಮ ರಾಜ್ಯದಲ್ಲೇ ಇದೆ, ಕ್ಯಾನ್ಸರ್ ವಾರ್ಡಿನ ಬಾಗಿಲಿಗೆ ಅದನ್ನು ತರುವ ಕೆಲಸ ಆಗಬೇಕಾಗಿದೆ.

ಈಗ ಸೂಜಿಯ ವಿಷಯ. ಭಾರತಕ್ಕೆ ಅಕ್ಯುಪಂಕ್ಚರ್ ಬಂದದ್ದರ ಹಿಂದೆ ನಮ್ಮ ಗಡಿಯ ಊರಿನ ನಂಟೂ ಇದೆ. 1938ರಲ್ಲಿ ಯುದ್ಧದಲ್ಲಿ ಬೇಯುತ್ತಿದ್ದ ಚೀನಾಕ್ಕೆ ಹೋದ ಐವರು ಭಾರತೀಯ ವೈದ್ಯರಲ್ಲಿ ಸೊಲ್ಲಾಪುರದ ದ್ವಾರಕಾನಾಥ ಕೋಟ್ನಿಸ್ ಒಬ್ಬರು. 1942ರಲ್ಲಿ ಅಲ್ಲೇ ತೀರಿಕೊಂಡರು. ಅವರ ಜೊತೆಗಾರ, ಕಲ್ಕತ್ತೆಯ ಬಿಜಯ್ ಕುಮಾರ್ ಬಸು, 1950ರ ದಶಕದ ಕೊನೆಯಲ್ಲಿ ಮತ್ತೆ ಚೀನಾಕ್ಕೆ ಹೋಗಿ ಸೂಜಿ ಚಿಕಿತ್ಸೆ ಕಲಿತು ಬಂದು ಬಂಗಾಳದಲ್ಲಿ ಅದನ್ನು ಬೆಳೆಸಿದರು. ಕೂದಲಿಗಿಂತ ತುಸು ದಪ್ಪನೆಯ ಉಕ್ಕಿನ ಸೂಜಿಯನ್ನು ನೆತ್ತಿ, ಹಣೆಯ ಮೇಲುಭಾಗ, ಮಣಿಕಟ್ಟಿನ ಒಳಬದಿ, ಮೊಣಕಾಲ ಕೆಳಗಿನ ಹೊರಬದಿ ಇಂಥ ಜಾಗಗಳಲ್ಲಿ ಚುಚ್ಚಿ ಇಪ್ಪತ್ತು ಮೂವತ್ತು ನಿಮಿಷ ಬಿಡುತ್ತಾರೆ. ಕೆಲವೊಮ್ಮೆ ಸಣ್ಣ ವಿದ್ಯುತ್ ಹರಿಸುತ್ತಾರೆ. ಕ್ಯಾನ್ಸರ್ ಆರೈಕೆಯಲ್ಲಿ ಇದಕ್ಕೆ ಗೌರವದ ಜಾಗ ಸಿಕ್ಕಿದ್ದೂ ಉಂಟು. ಕೀಮೋದ ವಾಕರಿಕೆ ವಾಂತಿಗೆ ಅದು ಉಪಯುಕ್ತ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಮಿತಿ 1997ರಲ್ಲೇ ಹೇಳಿತು. ಸ್ತನ ಕ್ಯಾನ್ಸರಿನ ಹಾರ್ಮೋನು ಗುಳಿಗೆಗಳಿಂದ ಬರುವ ಕೀಲುನೋವಿನ ಮೇಲೆ 226 ಮಹಿಳೆಯರಲ್ಲಿ ನಡೆದ, 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ನೋವು ಇಳಿಯಿತು. ಹತ್ತರ ಅಳತೆಗೋಲಿನಲ್ಲಿ ಹುಸಿ ಸೂಜಿಗಿಂತ ಅದು ಒಂದು ಅಂಕಕ್ಕೂ ತುಸು ಕಡಿಮೆಯ ಲಾಭ. ದೊಡ್ಡದಲ್ಲ, ಸುಳ್ಳೂ ಅಲ್ಲ.

ಹುಸಿ ಸೂಜಿ ಎಂದೆ. ಈ ವಾದದ ತಿರುಳು ಅಲ್ಲೇ ಇರುವುದರಿಂದ ಸ್ವಲ್ಪ ವಿವರಿಸಬೇಕು. ಗುಳಿಗೆಯ ಪರೀಕ್ಷೆಗೆ ಸಕ್ಕರೆ ಗುಳಿಗೆ ಕೊಟ್ಟು ಹೋಲಿಸಬಹುದು. ಸೂಜಿಗೆ ಏನು ಮಾಡುವುದು? ಜರ್ಮನಿಯ ಹೈಡಲ್‌ಬರ್ಗ್‌ನ ವೈದ್ಯರು 1998ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು: ಬಯಲಾಟದಲ್ಲಿ ಹೊಟ್ಟೆಗೆ ಇರಿದಂತೆ ಕಾಣಿಸಿ ಹಿಡಿಯೊಳಗೆ ಸರಿದುಹೋಗುವ ಚೂರಿಯಂತೆ, ಮೊಂಡು ತುದಿಯ ಸೂಜಿ. ರೋಗಿಗೆ ಚುಚ್ಚಿದಂತೆ ಅನಿಸುತ್ತದೆ, ಸೂಜಿ ಚರ್ಮದ ಒಳಗೆ ಹೋಗಿರುವುದಿಲ್ಲ. ನಿಜವಾದ ಸೂಜಿ ಇದನ್ನು ಮೀರಿಸಿದರೆ ಮಾತ್ರ ಗುಣ ಸೂಜಿಯದ್ದು. ಇಲ್ಲದಿದ್ದರೆ ಆ ಗುಣ ಅರ್ಧ ತಾಸು ಕಣ್ಣು ಮುಚ್ಚಿ ಮಲಗಿದ್ದರದ್ದು, ಒಬ್ಬರು ಕೈಹಿಡಿದು ಕಷ್ಟ ಕೇಳಿದ್ದರದ್ದು.

ಕೀಮೋ ಮರೆವಿನ ಮೇಲೆ ನಡೆದ ಸೂಜಿ ಪ್ರಯೋಗಗಳನ್ನು ಈ ಕಣ್ಣಿನಿಂದ ನೋಡಿ. 2018ರಲ್ಲಿ ಪ್ರಕಟವಾದ ಚೀನಾದ ಅಧ್ಯಯನದಲ್ಲಿ 80 ಸ್ತನ ಕ್ಯಾನ್ಸರ್ ರೋಗಿಗಳಿದ್ದರು, ಸೂಜಿ ಹಾಕಿಸಿಕೊಂಡವರ ನೆನಪು ಸುಧಾರಿಸಿತು. ಆದರೆ ಹೋಲಿಕೆಯ ಗುಂಪಿಗೆ ಹುಸಿ ಸೂಜಿಯೂ ಇರಲಿಲ್ಲ. 2020ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಅಧ್ಯಯನ ಇದಕ್ಕಿಂತ ಕಟ್ಟುನಿಟ್ಟಿನದು: 93 ರೋಗಿಗಳು, ವಾರಕ್ಕೆರಡು ಬಾರಿಯಂತೆ ಎಂಟು ವಾರ, ಹೋಲಿಕೆಗೆ ಹೆಸರಿಗಷ್ಟೇ ಚುಚ್ಚುವ ಸೂಜಿ. ಹೆಚ್ಚಿನ ಅಳತೆಗಳಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಕಂಡದ್ದು ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆಯಲ್ಲಿ. ಏಳು, ಎರಡು, ಒಂಬತ್ತು ಎಂದರೆ ಒಂಬತ್ತು, ಎರಡು, ಏಳು ಎನ್ನಬೇಕು. ಅದನ್ನು ತೆಗೆದುಹಾಕುವಂತಿಲ್ಲ, ಕೆಲಸದ ನೆನಪಿಗೆ ಅದು ಒಳ್ಳೆಯ ಒರೆಗಲ್ಲು. ಆದರೆ ಹತ್ತು ಬಾಗಿಲು ಬಡಿದು ಒಂದು ತೆರೆದದ್ದನ್ನು ಮನೆಯೇ ತೆರೆಯಿತೆಂದು ಸಾರುವುದು ಸರಿಯಲ್ಲ. ನಿದ್ದೆ ಕೆಟ್ಟ ಕ್ಯಾನ್ಸರ್ ರೋಗಿಗಳ ಮೇಲೆ ಅಮೆರಿಕದಲ್ಲಿ 160 ಮಂದಿಯನ್ನಿಟ್ಟುಕೊಂಡು ನಡೆದ, 2019ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವಿದೆ. ಅಲ್ಲಿ ಸೂಜಿಯ ಎದುರು ನಿಂತದ್ದು ನಿದ್ದೆಯ ಅಭ್ಯಾಸ ತಿದ್ದುವ ಮಾತಿನ ಚಿಕಿತ್ಸೆ. ನಿದ್ದೆಯ ವಿಷಯದಲ್ಲಿ ಮಾತಿನ ಚಿಕಿತ್ಸೆಯೇ ಗೆದ್ದಿತು. ಅದೇ ರೋಗಿಗಳಲ್ಲಿ ನೆನಪಿನ ತೊಂದರೆ ಇದ್ದ 99 ಮಂದಿಯನ್ನು ಬೇರೆಯಾಗಿ ನೋಡಿದಾಗ ಎರಡೂ ಗುಂಪಿನವರು ತಮಗೆ ಹಗುರಾಗಿದೆ ಎಂದರು, ಗುಂಪುಗಳ ನಡುವೆ ಗಟ್ಟಿಯಾದ ಅಂತರ ಸಿಗಲಿಲ್ಲ. ನಿದ್ದೆ ಸರಿಹೋದರೆ ಮಬ್ಬು ಅರ್ಧ ಸರಿಯುತ್ತದೆ ಎಂಬ ಅನುಮಾನಕ್ಕೆ ಇದು ಬಲ ಕೊಡುತ್ತದೆ.

ಇಷ್ಟು ಹೇಳಿದರೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆ. ಒಂದು ಕಡೆಯವರು, ಎರಡು ಸಾವಿರ ವರ್ಷದ ಪದ್ಧತಿಗೆ ನಿಮ್ಮ ಪ್ರಯೋಗಶಾಲೆಯ ಚೀಟಿ ಯಾಕೆ ಬೇಕು ಎನ್ನುತ್ತಾರೆ. ಪದ್ಧತಿ ಹಳೆಯದು, ಸರಿ, ಕೀಮೋ ಹಳೆಯದಲ್ಲ. ಅದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಹುಟ್ಟಿದ್ದು. ಇಲ್ಲದ ಔಷಧಿಯ ಅಡ್ಡ ಪರಿಣಾಮಕ್ಕೆ ಪ್ರಾಚೀನರು ಮದ್ದು ಬರೆದಿಟ್ಟಿರಲು ಸಾಧ್ಯವಿಲ್ಲ, ಆದ್ದರಿಂದ ಇದನ್ನು ಈಗಲೇ ಪರೀಕ್ಷಿಸಬೇಕು. ಇನ್ನೊಂದು ಕಡೆಯವರದ್ದು ಇದಕ್ಕಿಂತ ಗಟ್ಟಿ ಪ್ರಶ್ನೆ. ಹುಸಿಯೋ ನಿಜವೋ, ರೋಗಿಗೆ ಹಗುರಾದರೆ ಆಯಿತಲ್ಲ, ಹಾನಿಯೇನು? ಶ್ರೀಮಂತ ಊರಿನಲ್ಲಿ, ಆಸ್ಪತ್ರೆಯ ಪಕ್ಕದ ಕೋಣೆಯಲ್ಲೇ ಸೂಜಿ ಸಿಗುವಲ್ಲಿ, ಈ ಮಾತನ್ನು ನಾನು ಒಪ್ಪಿಯೇನು. ಮಾನ್ವಿಯಲ್ಲಿ ಒಪ್ಪಲಾರೆ. ವಾರಕ್ಕೆರಡರಂತೆ ಎಂಟು ವಾರ ಎಂದರೆ ಹದಿನಾರು ಸಲ ರಾಯಚೂರಿಗೆ ಬರಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಹೆಣ್ಣುಮಗಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಚಾರ್ಜು ಇಲ್ಲ, ಅದು ದೊಡ್ಡ ಉಪಕಾರ. ಆದರೆ ಜೊತೆಗೆ ಬರುವ ಗಂಡನಿಗೋ ಮಗನಿಗೋ ಟಿಕೆಟು ಇದೆ, ಇಬ್ಬರ ಕೂಲಿ ಹೋಗುತ್ತದೆ, ಹತ್ತಿ ಬಿಡಿಸುವ ಸುಗ್ಗಿಯಲ್ಲಾದರೆ ಇನ್ನೂ ಹೆಚ್ಚು. ಸೂಜಿ ಹಾಕುವವರ ಫೀಜು ಬೇರೆ. ಕೀಮೋಗೆ ಸಾಲ ಮಾಡಿದ ಮನೆಗೆ, ಫಲ ಖಾತ್ರಿಯಿಲ್ಲದ ಚಿಕಿತ್ಸೆಗೆ ಹದಿನಾರು ದಿನ ಕಳೆಯಿರಿ ಎನ್ನುವುದೇ ಹಾನಿ.

ಅದೇ ದಿನಗಳನ್ನು, ಅದೇ ರೊಕ್ಕವನ್ನು ಬೇರೆ ಕಡೆ ಹಾಕಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ. ಕೀಮೋ ಅದರ ಮೇಲೆ ಇನ್ನಷ್ಟು ರಕ್ತ ಇಳಿಸುತ್ತದೆ. ಹಿಮೋಗ್ಲೋಬಿನ್ ಕುಸಿದವರಿಗೆ ತಲೆ ಮಬ್ಬಾದರೆ ಆಶ್ಚರ್ಯವೇನು? ಥೈರಾಯಿಡ್, ಬಿ12, ಸಕ್ಕರೆ, ಖಿನ್ನತೆ, ರಾತ್ರಿ ನಿದ್ದೆ, ಜೊತೆಗೆ ವಾಂತಿಗೆ, ನೋವಿಗೆ, ನಿದ್ದೆಗೆಂದು ಬರೆದ ಗುಳಿಗೆಗಳ ಮಂಪರು: ಇವಿಷ್ಟನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಒಂದು ದಿನದಲ್ಲಿ ವಿಚಾರಿಸಲು ಶುರುಮಾಡಬಹುದು. ಸರಿಪಡಿಸಬಹುದಾದದ್ದನ್ನು ಸರಿಪಡಿಸದೆ ಸೂಜಿಗೆ ಕಳಿಸಿದರೆ, ಗುಣವಾದರೂ ಯಾವುದರಿಂದ ಎಂದು ತಿಳಿಯುವುದಿಲ್ಲ. ನಂತರದ್ದು ಯೋಗ ಮತ್ತು ನಡಿಗೆ. ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದವರು ಸ್ತನ ಕ್ಯಾನ್ಸರ್ ಗೆದ್ದ 200 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ ಹನ್ನೆರಡು ವಾರ ಹಠಯೋಗ ಕಲಿಸಿದ ಅಧ್ಯಯನದಲ್ಲಿ, ತರಗತಿ ಮುಗಿದ ಮೂರು ತಿಂಗಳ ನಂತರ ಯೋಗ ಮಾಡಿದವರ ಮರೆವಿನ ದೂರು ಉಳಿದವರಿಗಿಂತ ನೂರಕ್ಕೆ 23ರಷ್ಟು ಕಡಿಮೆ ಇತ್ತು. ಇಲ್ಲೂ ಹುಸಿ ಯೋಗದ ಹೋಲಿಕೆ ಇಲ್ಲ, ಸೂಜಿಗೆ ಹಿಡಿದ ಅಳತೆಯನ್ನೇ ಇದಕ್ಕೂ ಹಿಡಿದರೆ ಪುರಾವೆ ಅಂಥ ಗಟ್ಟಿಯೇನಲ್ಲ. ವ್ಯತ್ಯಾಸ ಖರ್ಚಿನಲ್ಲಿದೆ. ಯೋಗ ಒಮ್ಮೆ ಕಲಿತರೆ ಮನೆಯ ಪಡಸಾಲೆಯಲ್ಲೇ ಆಗುತ್ತದೆ, ಬಸ್ಸು ಹತ್ತಬೇಕಿಲ್ಲ.

ಮರೆವಿನ ವಿಷಯವನ್ನು ರೋಗಿಗೆ ಮೊದಲೇ ಹೇಳಿದರೆ ಹೆದರಿ ಕೀಮೋ ಬಿಟ್ಟಾರು ಎಂಬುದು ವೈದ್ಯರಲ್ಲಿ ಕೆಲವರ ಅಳುಕು. ಇದು ಬರಿ ಅಳುಕಲ್ಲ. ಕೀಮೋದಿಂದ ನೆನಪು ಕುಂದುತ್ತದೆ ಎಂದು ಮೊದಲೇ ಓದಿಸಿದ ರೋಗಿಗಳು ಹೆಚ್ಚು ದೂರು ಹೇಳುತ್ತಾರೆ ಎಂದು ನೆದರ್ಲೆಂಡ್ಸ್‌ನ ಸಂಶೋಧಕರು ತೋರಿಸಿದ್ದಾರೆ. ಆದರೂ ಬಾಯಿ ಮುಚ್ಚಿಕೊಳ್ಳುವುದು ಇದಕ್ಕೆ ಉತ್ತರವಲ್ಲ. ಹೇಳುವ ರೀತಿ ಬದಲಾಗಬೇಕು: ‘ಕೆಲವರಿಗೆ ಹೀಗಾಗುತ್ತದೆ, ಬಹಳಷ್ಟು ಜನರಿಗೆ ತಿಂಗಳುಗಳಲ್ಲಿ ಇಳಿಯುತ್ತದೆ, ಆದರೆ ತಿಳಿಸಿ, ನೋಡೋಣ.’ ಹೇಳದೆ ಬಿಟ್ಟರೆ ಆ ಜಾಗಕ್ಕೆ ಮೊಬೈಲಿನ ವಿಡಿಯೊ ಬಂದು ಕೂರುತ್ತದೆ, ಅದಕ್ಕೆ ಅಳುಕು ಗೊತ್ತಿಲ್ಲ.

ಅಪಾಯದ ಮಾತನ್ನೂ ಬಿಡುವಂತಿಲ್ಲ. ಅಕ್ಯುಪಂಕ್ಚರ್ ಬಲ್ಲವರ ಕೈಯಲ್ಲಿ ಸುರಕ್ಷಿತವೇ. ಆದರೆ ಕೀಮೋ ನಡೆಯುತ್ತಿರುವಾಗ ಬಿಳಿರಕ್ತಕಣ ಇಳಿದಿರುತ್ತವೆ, ಸಣ್ಣ ಗಾಯವೂ ಕೀವಾಗಬಹುದು. ಪ್ಲೇಟ್‌ಲೆಟ್ ತೀರ ಇಳಿದಿದ್ದರೆ ರಕ್ತ ನಿಲ್ಲುವುದಿಲ್ಲ. ಕಂಕುಳ ಗಂಟು ತೆಗೆದ ಕಡೆಯ ಕೈಗೆ ಬಾವು ಬರುವ ಭಯವಿರುವುದರಿಂದ ಆ ಕೈಗೆ ಚುಚ್ಚದಿರುವುದು ಒಳ್ಳೆಯದು. ಒಬ್ಬರಿಗೆ ಬಳಸಿದ ಸೂಜಿ ಇನ್ನೊಬ್ಬರಿಗೆ ಬರಕೂಡದು. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರ್ ಅನ್ನು ಸ್ವತಂತ್ರ ಆರೋಗ್ಯ ಪದ್ಧತಿ ಎಂದು ಮಾನ್ಯ ಮಾಡಿತು, ಪಶ್ಚಿಮ ಬಂಗಾಳ 1996ರಲ್ಲೇ, ಮಹಾರಾಷ್ಟ್ರ 2015ರಲ್ಲಿ ಅದಕ್ಕೆಂದೇ ಕಾಯ್ದೆ ಮಾಡಿದವು. ನಮ್ಮ ರಾಜ್ಯದಲ್ಲಿ ಉಜಿರೆ, ಮೈಸೂರಿನಂಥ ಕಡೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ, ಅಂದರೆ ಬಿಎನ್‌ವೈಎಸ್ ಓದುವವರಿಗೆ ಇದು ಪಠ್ಯದಲ್ಲೇ ಇದೆ. ವಾರಾಂತ್ಯದ ತರಬೇತಿಯ ಸರ್ಟಿಫಿಕೇಟು ಗೋಡೆಗೆ ತೂಗಿಹಾಕಿದವರಿಗೂ ಇವರಿಗೂ ವ್ಯತ್ಯಾಸ ರೋಗಿಗೆ ಕಾಣುವುದಿಲ್ಲ, ಕಾಣಿಸುವುದು ಆರೋಗ್ಯ ಇಲಾಖೆಯ ಕೆಲಸ.

ನನ್ನ ದೃಷ್ಟಿಯಲ್ಲಿ ಇದಕ್ಕೆಲ್ಲ ಇರುವ ಮರ್ಯಾದೆಯ ದಾರಿ ಇಲ್ಲಿಯೇ ಪರೀಕ್ಷೆ ಮಾಡುವುದು. ರಾಯಚೂರಿನಲ್ಲಿ 2007ರಿಂದ ರಿಮ್ಸ್ ವೈದ್ಯಕೀಯ ಕಾಲೇಜು ಇದೆ, ಅದರ ಜೊತೆಗೆ ಓಪೆಕ್ ಆಸ್ಪತ್ರೆ ಇದೆ, ಕಲಬುರಗಿಯಲ್ಲಿ ಕಿದ್ವಾಯಿ ಕೇಂದ್ರ ಇದೆ. ರಾಜ್ಯ ಸರ್ಕಾರ 2025ರಲ್ಲಿ ಹದಿನಾರು ಜಿಲ್ಲಾ ಆಸ್ಪತ್ರೆಗಳಲ್ಲಿ ದಿನದಲ್ಲೇ ಕೀಮೋ ಕೊಟ್ಟು ಕಳಿಸುವ ಕೇಂದ್ರಗಳನ್ನು ತೆರೆದಿದೆ. ಕೀಮೋ ಊರಿನ ಹತ್ತಿರಕ್ಕೆ ಬರುತ್ತಿರುವಾಗ ಕೀಮೋ ನಂತರದ ವಿಚಾರಣೆಯೂ ಹತ್ತಿರ ಬರಬೇಕು. ಏಮ್ಸ್ ಬೇಕೆಂದು 2022ರಿಂದ ರಾಯಚೂರು ಕೂತಿರುವ ಹೋರಾಟದಲ್ಲಿ ಈ ಬೇಡಿಕೆಯೂ ಸೇರಲಿ: ದಿಲ್ಲಿಯ ಏಮ್ಸ್‌ನಲ್ಲಿ ಯೋಗ, ಆಯುರ್ವೇದವನ್ನು ಆಧುನಿಕ ವೈದ್ಯರ ಜೊತೆ ಕೂಡಿಸಿ ಪರೀಕ್ಷಿಸುವ ವಿಭಾಗವಿದೆ, ಅಂಥದ್ದು ಇಲ್ಲಿಗೂ ಬೇಕು. ಮೂರು ಗುಂಪು ಮಾಡಿ, ಒಂದಕ್ಕೆ ರಕ್ತಹೀನತೆ ಮತ್ತು ನಿದ್ದೆ ಸರಿಪಡಿಸುವ ಉಪಚಾರ, ಇನ್ನೊಂದಕ್ಕೆ ಅದರ ಜೊತೆ ಯೋಗ, ಮತ್ತೊಂದಕ್ಕೆ ಅದರ ಜೊತೆ ಸೂಜಿ ಕೊಟ್ಟು, ಓದು ಬಾರದವರಿಗೂ ಒಗ್ಗುವ ಪರೀಕ್ಷೆಯಿಂದ ಆರು ತಿಂಗಳು ಅಳೆದರೆ ಹಾಂಗ್‌ಕಾಂಗ್‌ನ ಅಂಕಿಗಳನ್ನು ನಾವು ಎರವಲು ತರಬೇಕಾಗುವುದಿಲ್ಲ.

ಅಲ್ಲಿಯ ತನಕ, ಮನೆಯಲ್ಲಿ ಕೀಮೋ ಮುಗಿಸಿದವರು ಇದ್ದರೆ ಮುಂದಿನ ತಪಾಸಣೆಗೆ ಹೋದಾಗ ಮರೆವಿನ ಮಾತನ್ನು ನೀವೇ ಎತ್ತಿ, ವೈದ್ಯರು ಕೇಳಲೆಂದು ಕಾಯಬೇಡಿ. ಏನು ಮರೆಯುತ್ತದೆ, ಯಾವಾಗಿನಿಂದ, ರಾತ್ರಿ ಎಷ್ಟು ಹೊತ್ತು ನಿದ್ದೆ ಎಂಬ ಮೂರು ಸಂಗತಿ ಹೇಳಿ, ರಕ್ತ ಮತ್ತು ಥೈರಾಯಿಡ್ ಪರೀಕ್ಷೆ ಬೇಕೇ ಎಂದು ಕೇಳಿ. ವಾಂತಿಗೋ ಕೀಲುನೋವಿಗೋ ಸೂಜಿ ಹಾಕಿಸಬೇಕೆನಿಸಿದರೆ ಕ್ಯಾನ್ಸರ್ ವೈದ್ಯರಿಗೆ ತಿಳಿಸಿ, ಇತ್ತೀಚಿನ ರಕ್ತ ಪರೀಕ್ಷೆಯ ವರದಿ ಕೈಯಲ್ಲಿ ಹಿಡಿದು ಹೋಗಿ. ಸೂಜಿ ಹಾಕುವವರು ಕೀಮೋ ನಿಲ್ಲಿಸಿ ಎಂದರೆ, ಅಲ್ಲಿಂದ ಎದ್ದು ಬನ್ನಿ.